ಕೇಳದೆ ಬಿಚ್ಚಿದ ಸೊಲೆನಾಯ್ಡ್

ವಿರೋತ್ ಗ್ಯಾರೇಜಿನ ಬಾಗಿಲೆಳೆದು ಮನೆಗೆ ಹೊರಟಾಗ ಊರೆಲ್ಲ ಮಲಗಿತ್ತು. ನಮ್ಮ ಪಕ್ಕದ ಮನೆಯವನೇ, ಸುಳ್ಳು ಹೇಳುವ ಪೈಕಿಯವನಲ್ಲ. ದಾರಿಯಲ್ಲಿ ಹಾಳುಬಾವಿ, ಅದರ ಪಕ್ಕ ಅರಳಿಮರ. ಮೈಯೆಲ್ಲ ಗೇರ್ ಆಯಿಲ್ ನಾರುತ್ತಿದ್ದರೂ ಮನಸ್ಸು ಹಗುರವಾಗಿತ್ತು. ಬೆಳಗಾದರೆ ಅವನ ಅಕ್ಕ ಸೆಂಗ್‌ದುವನ್ ತನ್ನ ಕಾರಿನಲ್ಲಿ ಅಮ್ಮನನ್ನು ಘಟ್ಟದಾಚೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಒಂದು ಸಲ ತಪ್ಪಿದರೂ ಅಮ್ಮನ ಕಾಲು ಊದಿ ಉಸಿರು ಕಟ್ಟುತ್ತದೆ.

ಆ ಆಟೊಮ್ಯಾಟಿಕ್ ಕಾರು ಸಂಜೆಯವರೆಗೂ ಮೂರನೇ ಗೇರಿನಲ್ಲೇ ಕಚ್ಚಿಕೊಂಡಿತ್ತು. ಏರು ಬಂದರೂ ಎರಡಕ್ಕೆ ಇಳಿಯಲೊಲ್ಲದು. ಸ್ಕ್ಯಾನರ್ ಹಾಕಿದರೆ ಶಿಫ್ಟ್ ಸೊಲೆನಾಯ್ಡ್ ಎಂದಿತು. ಗೇರ್‌ಬಾಕ್ಸಿನಲ್ಲಿ ಎಣ್ಣೆಗೆ ದಾರಿ ಬಿಡುವ, ಹೆಬ್ಬೆರಳಿನಷ್ಟು ಕವಾಟ. ಹೊರಗಿನ ವೈರೆಲ್ಲ ಸರಿಯಿತ್ತು. ಎಣ್ಣೆ ಇಳಿಸಿ, ಅಡಿಯ ತಟ್ಟೆ ಬಿಚ್ಚಿ, ಅದಕ್ಕೆ ಮೀಟರ್ ಹಿಡಿದ. ಮುಳ್ಳು ಅಲ್ಲಾಡಲಿಲ್ಲ. ಬ್ಯಾಟರಿ ತಾಗಿಸಿದರೂ ಸದ್ದಿಲ್ಲ. ಒಳಗಿನ ತಂತಿಯೇ ಕಡಿದುಹೋಗಿತ್ತು. ಹೊಸದು ಬ್ಯಾಂಕಾಕಿನಿಂದ ಬರಲು ವಾರ ಬೇಕು.

ಗುಜರಿಯ ಖಂಪನ್ ತಾತನ ಹತ್ತಿರ ಅದೇ ಮಾದರಿಯ ಕಾರೊಂದು ನುಜ್ಜುಗುಜ್ಜಾಗಿ ಬಿದ್ದಿತ್ತು.

“ಮೊದ್ಲು ಮಾಲೆ ಹಾಕಿ ಕೇಳ್ಕೊಳೋ,” ಎಂದ ತಾತ. “ಗಾಡಿ ಹೋದ್ರೂ ಅದರ ಮೇ ಯಾನಾಂಗ್ ಹೋಗಿರಲ್ಲ. ಗಾಡಿ ಕಾಯೋ ತಾಯಿ ಒಳಗೇ ಕೂತಿರ್ತಾಳೆ.”

“ನಾಳೆ ಎರಡು ಮಾಲೆ ತರ್ತೀನಿ ತಾತ. ಈಗ ಸ್ಪ್ಯಾನರ್ ಕೊಡು.”

“ಹೆಂಡ್ತಿ ಹತ್ರ ಹಿಂಗೆ ನಾಳೆ ಅನ್ನು, ನೋಡೋಣ!”

ವಿರೋತ್ ನಕ್ಕು, ಅದರ ಸೊಲೆನಾಯ್ಡ್ ಬಿಚ್ಚಿಕೊಂಡು ಬಂದ. ಬ್ಯಾಟರಿ ತಾಗಿಸಿದ... ಟಿಕ್. ಜೀವ ಇತ್ತು! ಕಾರಿಗೆ ಹಾಕಿ ಊರ ದಿಬ್ಬ ಹತ್ತಿಸಿದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಎರಡಕ್ಕೆ ಇಳಿಯಿತು. ಕೆಟ್ಟದ್ದರ ಮೇಲೆ ಗುರುತಿಗೆ ಹಳದಿ ಗೀಟೆಳೆದು ಬಿಸ್ಕತ್ತಿನ ಡಬ್ಬಿಗೆ ಹಾಕಿದ.

ಈಗ ಅರಳಿಮರದ ಕೆಳಗೆ ಬಂದ.

ಟಿಕ್.

ನಿಂತ. ಎಲೆ ಕೂಡ ಅಲ್ಲಾಡುತ್ತಿರಲಿಲ್ಲ...

ಟಿಕ್. ಕಿವಿಯ ಪಕ್ಕದಲ್ಲೇ. ಹಲ್ಲಿಯಲ್ಲ, ಒಣಕಡ್ಡಿಯಲ್ಲ. ಆ ಸದ್ದು ಅವನಿಗೆ ಗೊತ್ತಿಲ್ಲವೇ?

“ನಂದು ಕೊಡು...” ಹೆಂಗಸಿನ ಪಿಸುದನಿ.

ವಿರೋತ್ ಕೈಮುಗಿದ. “ನಾಳೆ... ಕೊಡ್ತೀನಿ ತಾಯಿ. ನಮ್ಮಮ್ಮ ಆಸ್ಪತ್ರೆಗೆ ಹೋಗ್ಬೇಕು.”

ಬಾವಿಯೊಳಗೆ ಒಂದು ಹನಿ ಬಿತ್ತು... ತೊಟ್ಟ್.

“ಅಮ್ಮನಿಗಾ?”

“ಹೂಂ.”

ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ.

ಮರುದಿನ ಅಮ್ಮ ಘಟ್ಟ ಹತ್ತಿ, ಇಳಿದು, ಸಂಜೆಗೆ ಕ್ಷೇಮವಾಗಿ ಮನೆ ಸೇರಿದಳು. ವಿರೋತನಿಗೆ ಹೋದ ಜೀವ ಬಂದಂತಾಯಿತು.

“ಪರ್ವಾಗಿಲ್ವೋ, ನಿನಗೂ ಕೆಲಸ ಬರುತ್ತೆ,” ಎಂದಳು ಅಕ್ಕ.

ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ. ಆ ಸಂಜೆಯೇ ಎಣ್ಣೆ ಇಳಿಸಿ ತಟ್ಟೆ ಬಿಚ್ಚಿದ. ಒಳಗಿದ್ದ ಸೊಲೆನಾಯ್ಡಿನ ಮೇಲೆ ಹಳದಿ ಗೀಟು... ಮೀಟರ್ ಹಿಡಿದ. ಮುಳ್ಳು ಅಲ್ಲಾಡಲಿಲ್ಲ. ಕೆಟ್ಟದ್ದನ್ನು ಹಾಕಿಟ್ಟಿದ್ದ ಬಿಸ್ಕತ್ತಿನ ಡಬ್ಬಿ ಖಾಲಿ!

ಮಲ್ಲಿಗೆ ಮಾಲೆ ಹಿಡಿದು ಗುಜರಿಗೆ ಓಡಿದ. ನುಜ್ಜಾದ ಕಾರಿನ ಅಡಿಯಲ್ಲಿ, ಅವನು ಬಿಚ್ಚಿಟ್ಟು ಬಂದಿದ್ದ ತಟ್ಟೆ ಮತ್ತೆ ಭದ್ರವಾಗಿ ಕೂತಿತ್ತು. ಅಂಚಿನಿಂದ ಗೇರಿನ ಕೆಂಪೆಣ್ಣೆ ತೊಟ್ಟಿಕ್ಕುತ್ತಿತ್ತು. ಬೆರಳೊಡ್ಡಿದ... ಆಗಷ್ಟೇ ಘಟ್ಟ ಇಳಿದು ಬಂದ ಗಾಡಿಯಂತೆ ಬಿಸಿ.

“ನಾನು ಮುಟ್ಟಿಲ್ಲಪ್ಪ,” ಎಂದ ತಾತ, ಮೆಲ್ಲಗೆ.

ವಾರದ ಮೇಲೆ ಹೊಸದು ಬಂತು. ವಿಷಯ ಕೇಳಿದ್ದ ಅಮ್ಮ, ಕಾರಿನಲ್ಲಿದ್ದ ಕೆಟ್ಟದ್ದನ್ನು ಬಿಚ್ಚಲು ಬಿಡಲಿಲ್ಲ. “ಇರ್ಲಿ ಬಿಡೋ,” ಎಂದವಳೇ ಕಾರಿನ ಕನ್ನಡಿಗೆ ಮಾಲೆ ಕಟ್ಟಿದಳು.

ನಂಬದಿದ್ದರೆ ಬಿಡಿ. ಅಕ್ಕ ಒಬ್ಬಳೇ ಸಂತೆಗೆ ಹೊರಟರೆ ಇವತ್ತಿಗೂ ಆ ಕಾರು ಮೂರರಲ್ಲೇ ಕಚ್ಚಿಕೊಂಡು, ಊರ ದಿಬ್ಬವನ್ನೂ ಹತ್ತದು. ಆಸ್ಪತ್ರೆಯ ದಿನ ನಾನೇ ಹಿಂದಿನ ಸೀಟಿನಲ್ಲಿ ಕೂತು ಕೇಳಿದ್ದೇನೆ. ಅಮ್ಮ ಹತ್ತಿ ಬಾಗಿಲು ಹಾಕಿಕೊಳ್ಳುತ್ತಾಳೆ. ಎಲ್ಲೋ ಅಡಿಯಲ್ಲಿ ಒಂದು ಟಿಕ್... ಆಮೇಲೆ ಕಾರು ಘಟ್ಟ ಹತ್ತುತ್ತದೆ.