ಸಹೋದ್ಯೋಗಿಯ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡ ಬಗ್ಗೆ

ವಯಸ್ಸು 46, ಉದ್ಯೋಗ ಕಟ್ಟುಹಲ್ಲು ತಯಾರಿಸುವ ವರ್ಕ್‌ಶಾಪಿನಲ್ಲಿ ಹಿರಿಯ ಕೆಲಸಗಾರ್ತಿ, ವಾಸ ಅದೇ ಬೀದಿಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಒಬ್ಬಳೇ. ಠಾಣೆಗೆ ನಾನಾಗಿಯೇ ಬಂದು ಬರೆಸುತ್ತಿರುವುದೇನೆಂದರೆ,

ವರ್ಕ್‌ಶಾಪಿನಲ್ಲಿ ನಾನು ಮತ್ತು ನನಗಿಂತ ಹನ್ನೆರಡು ವರ್ಷ ಚಿಕ್ಕವರಾದ ಸಹೋದ್ಯೋಗಿ ಇಬ್ಬರೇ ಇದ್ದೇವೆ. ನಮ್ಮ ದೇಶದಲ್ಲಿ ಸಮುದಾಯಗಳು ಹಲವು, ಹಬ್ಬದ ರಜೆಗಳೂ ಹಲವು. ಸರ್ಕಾರದ ರಜಾಪಟ್ಟಿ ಬಂದ ದಿನವೇ ಸಹೋದ್ಯೋಗಿ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಾರೆ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಹಾಕುವಂತಿಲ್ಲ. ಅವರಿಗೆ ರಜಾರಾಣಿ ಎಂದು ಹೆಸರಿಟ್ಟವಳು ನಾನೇ. ಈ ಸಲ ಗುರುವಾರ ಒಂದು ಹಬ್ಬ, ಸೋಮವಾರ ಇನ್ನೊಂದು. ಶುಕ್ರವಾರ ಒಂದೇ ರಜೆ ಹಾಕಿ ಐದು ದಿನ ಹೊರಟಿದ್ದರು. ನಾನು ಎಂಟು ವರ್ಷಗಳಿಂದ ಎಲ್ಲಿಗೂ ಹೋಗಿಲ್ಲ. ಹೋಗಲು ಊರುಗಳಿವೆ, ಕರೆಯುವವರಿಲ್ಲ.

ಬುಧವಾರ ಮಧ್ಯಾಹ್ನ 12.40ಕ್ಕೆ ಅವರು ಕೈ ತೊಳೆಯಲು ಹೋದಾಗ ಅವರ ಚೀಲದ ಜಿಪ್ ತೆಗೆದು ಪಾಸ್‌ಪೋರ್ಟನ್ನು ನನ್ನ ಊಟದ ಚೀಲಕ್ಕೆ ಹಾಕಿಕೊಂಡೆನು. ಸಂಜೆ 6.30ಕ್ಕೆ ಗಡಿಯಾಚೆ ಹೋಗುವ ಬಸ್ಸಿಗೆಂದು ಹೋದವರು 6.10ಕ್ಕೆ ಓಡುತ್ತಾ ವಾಪಸ್ ಬಂದರು. ಮೇಜಿನ ಕೆಳಗೆ, ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರ್ ಪುಡಿಯ ಡಬ್ಬಗಳ ಹಿಂದೆ ಹುಡುಕಿದರು. ನಾನೂ ಜೊತೆಗೆ ಹುಡುಕಿದೆನು.

6.35ಕ್ಕೆ ಅವರು ಸ್ಟೂಲಿನ ಮೇಲೆ ಕುಳಿತು ಫೋನ್ ಮಾಡಿ, “ಇಲ್ಲ ಪುಟ್ಟಿ, ಅಮ್ಮ ಮರೆತಿಲ್ಲ ಕಣೇ. ಬಸ್ ತಪ್ಪಿಹೋಯ್ತು. ಅಳಬೇಡ, ಅಪ್ಪಂಗೆ ಫೋನ್ ಕೊಡು” ಎಂದರು. ನಂತರ ನನಗೆ ತಿಳಿಸಿದ್ದೇನೆಂದರೆ, ಏಳು ವರ್ಷದ ಮಗಳು ಗಡಿಯಾಚೆ ತಂದೆಯ ಬಳಿ ಇದ್ದಾಳೆ, ಅಲ್ಲಿನ ಶಾಲೆಯ ರಜೆಯೂ ಇಲ್ಲಿನ ರಜೆಯೂ ಈ ವರ್ಷ ಕೂಡಿಬಂದಿರುವುದು ಈ ಐದು ದಿನ ಮಾತ್ರ ಎಂದು. ರಜೆಯಲ್ಲಿ ಅವರು ಊರೂರು ಸುತ್ತುತ್ತಾರೆಂದೇ ಅಲ್ಲಿಯವರೆಗೆ ನಾನು ತಿಳಿದಿದ್ದೆನು. ಪಾಸ್‌ಪೋರ್ಟ್ ನನ್ನಿಂದ ಎರಡು ಅಡಿ ದೂರದಲ್ಲಿತ್ತು. ಆಗಲೂ ಕೊಡಲಿಲ್ಲ. ಅವರು 6.50ಕ್ಕೆ ಈ ಠಾಣೆಗೆ ದೂರು ಕೊಡಲು ಹೋದರು.

ಗುರುವಾರ ಬೆಳಿಗ್ಗೆ 7 ಗಂಟೆಗೆ ಅವರ ಮನೆಗೆ ಹೋಗಿ ಪಾಸ್‌ಪೋರ್ಟ್ ಕೊಟ್ಟು, ನಾನೇ ತೆಗೆದಿದ್ದೆಂದು ಹೇಳಿದೆನು. ಅವರು ಬೈಯಲಿಲ್ಲ. “ದಾರಿ ಬಿಡಿ ಅಕ್ಕ, ಎಂಟೂವರೆಗೆ ಬಸ್ಸಿದೆ” ಎಂದಷ್ಟೇ ಹೇಳಿದರು. ನಾನು ಇಪ್ಪತ್ತು ಹೆಜ್ಜೆ ಹಿಂದೆ ನಿಲ್ದಾಣದವರೆಗೂ ಹೋದೆನು. ಅವರು ಕಿಟಕಿ ಪಕ್ಕ ಕುಳಿತು ಫೋನಿನಲ್ಲಿ ನಗುತ್ತಿದ್ದರು.

ಪಶ್ಚಾತ್ತಾಪವಿದೆಯೇ ಎಂದು ಅಧಿಕಾರಿಗಳು ಕೇಳಿದ್ದಕ್ಕೆ ಇದೆ ಎಂದಿದ್ದೇನೆ. ಆದರೆ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನನ್ನ ಹೊಟ್ಟೆಕಿಚ್ಚು ಆರಿರಲಿಲ್ಲ ಎಂಬುದನ್ನೂ ಬರೆದುಕೊಳ್ಳಬೇಕೆಂದು ಕೋರಿದ್ದೇನೆ.

ಬರೆದದ್ದನ್ನು ಓದಿಸಿ ಕೇಳಿದೆನು. ಯಾರ ಒತ್ತಾಯವೂ ಇಲ್ಲದೆ ನಾನು ಹೇಳಿದ ನಿಜ ಸಂಗತಿ ಇಷ್ಟೇ.

ಸ್ಥಳ: ಠಾಣೆ
ದಿನಾಂಕ: ಮಾರ್ಚ್ 12, ಗುರುವಾರ, ಬೆಳಿಗ್ಗೆ 9.15
ಸಹಿ: (ಹೇಳಿಕೆ ಕೊಟ್ಟವರು)