ಆರ್ಫಾಳ ಹೆಸರಿಗೊಂದು ಗಾಡಿಮನೆ

...ಅಲ್ಲಲ್ಲ, ಎರಡು ಹೆಸರು! ಒಂದಲ್ಲಮ್ಮ, ಎರಡು. ವರ್ಲಿನ್ ಸ್ಟಟ್ಸ್‌ಮನ್ ಅಂತ ಹಾಕ್ಕೊಂಡ್ಯಲ್ಲ, ಅದು ನಾನು, ಸರಿ. ಅದರ ಪಕ್ಕದಲ್ಲಿ ಆರ್ಫಾ ಸ್ಟಟ್ಸ್‌ಮನ್ ಅಂತ ಹಾಕು. ನನ್ನ ಹೆಂಡತಿ. ಏನು, ಪಕ್ಕದಲ್ಲಿ ಬರಲ್ವಾ? ಕೆಳಗೇ ಬರೋದಾ ಆ ಕಂಪ್ಯೂಟರ್‌ನಲ್ಲಿ? ಹಾಗಾದ್ರೆ ಅವಳದು ಮೇಲೆ ಹಾಕು, ನನ್ನದು ಕೆಳಗೆ. ಸಾಲ ತಗೊಳ್ಳೋಳು ಅವಳು. ನಾನು ಬರೀ ಜೊತೆಗೆ.

ಯಾಕೆ ನಗ್ತೀಯಾ? ಎಪ್ಪತ್ತೊಂದಕ್ಕೆ ಮುದುಕನಿಗೆ ಹೆಂಡತಿ ಮೇಲೆ ಪ್ರೀತಿ ಉಕ್ಕಿದೆ ಅಂತಾನಾ? ನಗು, ನಗು. ನಗೋ ಮುಖಾನೇ ನಿನ್ನದು. ಅಂಗಿಯ ಬಿಲ್ಲೆ ಮೇಲೆ ಡಾನೆಲ್ ಅಂತಿದೆ, ಹಾಗೇ ಕರೀಲಾ? ನೋಡು ಡಾನೆಲ್, ಗಾಡಿ ಮಾರೋ ನಿಮ್ಮ ಆ ಟೈ ಕಟ್ಕೊಂಡೋನು ಬಂದು ನನಗೆ ಗಾಡಿಮನೆ ಹೇಗಿರುತ್ತೆ ಅಂತ ಪಾಠ ಹೇಳ್ದ. ನನಗೆ! ಇಲ್ಲಿ ಹಾಸಿಗೆ, ಇಲ್ಲಿ ಒಲೆ, ಕೆಳಗೆ ಚಕ್ರ, ಅಂತ. ಮೂವತ್ನಾಲ್ಕು ವರ್ಷ ಇದೇ ಎಲ್ಕ್‌ಹಾರ್ಟ್ ಊರಿನ ಕಾರ್ಖಾನೆಯಲ್ಲಿ ಗಾಡಿಮನೆಗಳಿಗೆ ಅಡುಗೆ ಕಪಾಟು ಕೂರಿಸಿದೋನಮ್ಮ ನಾನು. ಬೆಳಗ್ಗೆ ಐದಕ್ಕೆ ಶುರು, ದಿನಕ್ಕೆ ಹದಿನಾರು ಗಾಡಿ. ಹದಿನಾರು ಮುಗಿದ್ರೆ ಮನೆಗೆ ಹೋಗಬಹುದು. ಬೇಗ ಮುಗಿಸಿದ್ರೆ ಬೇಗ ಮನೆ. ಹಾಗಿದ್ಮೇಲೆ ನಾಲ್ಕು ಸ್ಕ್ರೂ ಹಾಕೋ ಕಡೆ ಎರಡೇ! ಆ ಕಪಾಟು ಹಿಡಿದು ಹೀಗೆ ಅಲ್ಲಾಡಿಸಿ ತೋರಿಸ್ದೆ ನೋಡು, ಇಂಗು ತಿಂದ ಮಂಗನ ಹಾಗಾಯ್ತು ಅವನ ಮುಖ.

ಆದ್ರೂ ಅದೇ ಗಾಡಿ ಬೇಕು. ಹೊರಗೆ ಮೂರನೇ ಸಾಲಲ್ಲಿ ನಿಂತಿದೆಯಲ್ಲ, ಕಂದು ಪಟ್ಟೆಯದು. ಅದೇ.

ಏನು? ನಗದು ಕೊಡ್ಬಹುದಲ್ಲ ಅಂತಾನಾ? ಕೊಡ್ಬಹುದು. ಬ್ಯಾಂಕಿನಲ್ಲಿ ಇಟ್ಟಿರೋದು ಕಾಣಿಸ್ತಾ ಇದೆಯಾ ಅದರಲ್ಲಿ? ಹಾಳಾದ್ದು, ಎಲ್ಲಾ ಕಾಣಿಸುತ್ತೆ. ಇಲ್ಲಮ್ಮ, ನನಗೆ ಸಾಲಾನೇ ಬೇಕು. ಬಡ್ಡಿ ದಂಡ ಅಂತ ನನಗೂ ಗೊತ್ತು, ನೀನು ಹೇಳ್ಬೇಡ. ಅವಳ ಹೆಸರಿಗೆ ಸಾಲ ಮಂಜೂರಾಗ್ಬೇಕು. ಮಂಜೂರಾಯ್ತು ಅಂತ ಅವಳ ಹೆಸರಿಗೊಂದು ಪತ್ರ ಬೇಕು, ಅಷ್ಟೆ. ಇವತ್ತೇ.

ಇಬ್ಬರೂ ನಿನ್ನ ಎದುರಿಗೇ ಸಹಿ ಹಾಕ್ಬೇಕಾ? ...ಅವಳು ಗಾಡಿಯಲ್ಲಿದ್ದಾಳೆ. ಪರದೆ ಬಟ್ಟೆ ಮುಟ್ಟಿ ನೋಡ್ತಿದ್ದಾಳೆ. ಅವಳಿಗೆ ಆಫೀಸು ಅಂದ್ರೆ ಆಗಲ್ಲ, ಈ ಆಫೀಸು ಅಂದ್ರಂತೂ... ಕಾಗದ ಕೊಡು, ನಾನೇ ಹೋಗಿ ಹಾಕಿಸ್ಕೊಂಡು ಬರ್ತೀನಿ.

ಯಾಕೆ ಆಗಲ್ಲ ಅಂದ್ಯಾ? ಒಂಬತ್ತು ವರ್ಷದ ಹಿಂದೆ ಈ ಅಂಗಡಿಯ ಇದೇ ಸಾಲದ ಮೇಜು. ನೀನಿರ್ಲಿಲ್ಲ, ಬೋಳುತಲೆಯೋನೊಬ್ಬ ಇದ್ದ. ಅವಳು ಚರ್ಚಿಗೆ ಹಾಕೋ ನೀಲಿ ಅಂಗಿ ಹಾಕ್ಕೊಂಡು ಬಂದಿದ್ಲು, ಸಾಲ ಕೇಳೋಕೆ! ಇಂಥದೇ ಗಾಡಿಗೆ ಇಬ್ಬರೂ ಅರ್ಜಿ ಹಾಕಿದ್ವಿ. ನೀವು ಅರ್ಜಿ ಕಳಿಸೋ ಬ್ಯಾಂಕಿನೋರು ಏನಂದ್ರು? ಸಾಲದ ಲೆಕ್ಕದಲ್ಲಿ ಗಂಡನ ಹೆಸರು ಚೊಕ್ಕವಾಗಿದೆ, ಹೆಂಡತಿ ಹೆಸರು ಕೆಟ್ಟಿದೆ, ಆಗಲ್ಲ ಅಂದ್ರು. ಯಾವ ಕಾಲದ್ದೋ ಆಸ್ಪತ್ರೆ ಬಿಲ್ಲು. ಹೊಟ್ಟೆಯಲ್ಲಿ ಮಗು ನಿಲ್ಲದೆ ಹೋದಾಗಿನದು. ಅವಳ ಹೆಸರಲ್ಲಿತ್ತು, ತಡವಾಗಿ ಕಟ್ಟಿದ್ವಿ.

ನಾನು ಮನೆಗೆ ಹೋಗಿ ಹೇಳ್ದಾಗ ನೂಡಲ್ಸ್‌ಗೆ ಹಿಟ್ಟು ಲಟ್ಟಿಸ್ತಾ ಇದ್ಲು. ಅಳ್ಲಿಲ್ಲ. ಕೈಯಲ್ಲಿದ್ದ ಹಿಟ್ಟು ಹಾಗೇ ಇಟ್ಟು, “ನನ್ನಿಂದ ನಿನಗೂ ಇಲ್ಲದ ಹಾಗಾಯ್ತಲ್ಲ ವರ್ಲಿನ್” ಅಂದ್ಲು. ಕ್ಷಮಿಸು ಅಂದ್ಲು ಡಾನೆಲ್. ನನ್ನ ಹತ್ರ!

ಆಮೇಲೆ ಶಾಲೆ ಅಡುಗೆಮನೆಗೆ ಕೆಲಸಕ್ಕೆ ಸೇರಿದ್ಲು, ಅರವತ್ತರ ಹತ್ರ ಬಂದೋಳು. ಸಂಜೆಗೆ ಕಾಲು ಊದಿ ಶೂ ಬಿಚ್ಚೋಕಾಗ್ತಿರ್ಲಿಲ್ಲ. ಒಂದು ಕ್ರೆಡಿಟ್ ಕಾರ್ಡು ಮಾಡಿಸ್ಕೊಂಡ್ಲು. ಅದರಲ್ಲಿ ಮೊಟ್ಟೆ, ಸೋಪು ತರೋದು, ಮಾರನೇ ದಿನಾನೇ ಹೋಗಿ ಕಟ್ಟೋದು. ಹಾಗೆ ಮಾಡಿದ್ರೆ ಹೆಸರು ರಿಪೇರಿ ಆಗುತ್ತಂತೆ. ಪ್ರತಿ ವಸಂತದಲ್ಲೂ ಕೇಳೋಳು, “ಈಗ ಸರಿಯಾಗಿರ್ಬಹುದಾ, ಇನ್ನೊಂದ್ಸಲ ಕೇಳಿ ನೋಡೋಣ್ವಾ?” ಅಂತ. ನಾನು, ಇನ್ನೊಂದು ವರ್ಷ ತಡಿ, ಇನ್ನೊಂದು ವರ್ಷ ತಡಿ...

ಏನು ಕೇಳ್ದೆ? ಪತ್ರಾನಾ? ಯಾವ ಪತ್ರ? ಬ್ಯಾಂಕು ಆಗಲ್ಲ ಅಂದ್ರೆ ಪತ್ರ ಕಳಿಸ್ಲೇಬೇಕಾ? ಕಾನೂನಾ ಅದು? ...ಬಂದಿತ್ತು. ಬಂದಿತ್ತಮ್ಮ, ಯಾಕೆ ಬರಲ್ಲ! ಹರಿದು ಹಾಕ್ದೆ. ಅವಳೂ ನಿನ್ನ ಹಾಗೇ ಕೇಳಿದ್ಲು. ಮೂರು ವಾರ ದಿನಾ ಅಂಚೆಪೆಟ್ಟಿಗೆ ತೆಗೆದು ನೋಡಿದ್ಲು. ಕೊನೆಗೆ ನಾನೇ ಹೇಳ್ದೆ, ಬಂತು ಕಣೆ, ನೀನು ನೋಡಿ ನೊಂದ್ಕೊಳ್ತೀಯಾ ಅಂತ ಹರಿದುಬಿಟ್ಟೆ ಅಂತ. ಒಳ್ಳೇದು ಮಾಡ್ದೆ ಅಂದ್ಲು.

ಏನು ಹುಡುಕ್ತಿದೀಯಾ ಅದರಲ್ಲಿ? ಒಂಬತ್ತು ವರ್ಷದ ಕಸ ಯಾರಿಟ್ಟಿರ್ತಾರೆ, ಬಿಡು. ಎಲ್ಲಿಗೆ ಎದ್ದೆ? ಗಾಡಿ ಹತ್ರಾನಾ? ನೀನೇ ಹೋಗಿ ಅವಳನ್ನ ಕರೀತೀಯಾ? ಬೇಡ. ಕೂತ್ಕೋ. ಕೂತ್ಕೋ ಅಂದೆ!

...ಅಲ್ಲಿ ಯಾರೂ ಇಲ್ಲಮ್ಮ.

ಫೆಬ್ರವರಿಯಲ್ಲಿ ಹೋದ್ಲು. ಶಾಲೆಯಲ್ಲೇ, ಟ್ರೇ ತೊಳೀತಾ ತೊಳೀತಾ ಕುಸಿದುಬಿದ್ಲಂತೆ. ನಲ್ಲಿ ಹಾಗೇ ಹರೀತಾ ಇತ್ತಂತೆ. ಟಿಶ್ಯೂ ಬೇಡ, ಆ ಕಡೆ ಇಟ್ಕೋ. ತೀರ್ಕೊಂಡೋರ ಹೆಸರಿಗೆ ಸಾಲ ಹುಟ್ಟಲ್ಲ ಅಂತ ನನಗೂ ಗೊತ್ತು. ನಾನೇನು ಹುಚ್ಚನಲ್ಲ. ಕಂಪ್ಯೂಟರ್‌ಗೆ ಇನ್ನೂ ಗೊತ್ತಾಗಿರಲ್ವೇನೋ ಅಂದ್ಕೊಂಡೆ, ಅಷ್ಟೆ.

ಹೋದ್ಲು ಅನ್ನೋದು ಬರೀ ಮಾತಿಗೆ. ಹಾಡುಹಗಲೇ ಬರ್ತಾಳೆ ಡಾನೆಲ್. ಹನ್ನೊಂದಕ್ಕೆ ಅಂಚೆ ಗಾಡಿ ಹೋದ ಮೇಲೆ ಅಂಚೆಪೆಟ್ಟಿಗೆ ಮುಚ್ಚಳ ಟಕ್ ಅನ್ನುತ್ತೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ಟಕ್. ನಾನು ಹೊರಗೆ ಹೋಗಿ ನೋಡಿದ್ರೆ ಯಾರೂ ಇರಲ್ಲ, ಮುಚ್ಚಳ ಮಾತ್ರ ತೆಗೆದಿರುತ್ತೆ. ಗಾಳಿ ಅಂತ ಹೇಳ್ಬೇಡ! ಪಕ್ಕದ ಮನೆಯೋನೂ ಗಾಳಿ ಅಂದ. ಅವಳು ಕೈ ಹಾಕಿ ತಡಕೋ ಸದ್ದು ನನಗೆ ಗೊತ್ತಾಗಲ್ವಾ? ಹೆದರಿಕೆ ಆಗುತ್ತೆ. ಹನ್ನೊಂದು ಹೊಡೆಯೋಕೆ ಮೊದಲೇ ಕಿಟಕಿ ಪರದೆ ಎಳೆದುಬಿಡ್ತೀನಿ. ಅದಕ್ಕೇ ಬಂದೆ. ನಿನ್ನ ಹೆಸರು ಸರಿಯಾಗೇ ಇದೆ ಆರ್ಫಾ, ಅಂತ ಅವಳಿಗೊಂದು ಪತ್ರ ಬಂದ್ರೆ ಸಾಕು. ಓದ್ಕೊಂಡು ಹೋಗ್ಲಿ. ಹೋಗಿ ಮಲಗ್ಲಿ, ಪಾಪ.

ಅದ್ಯಾಕೆ ಆ ಸ್ಕ್ರೀನು ನನ್ನ ಕಡೆ ತಿರುಗಿಸ್ತೀಯಾ? ನನ್ನ ಕನ್ನಡಕ... ಇದೆ, ಇಲ್ಲೇ ಇದೆ.

ಆ ಹಳೇ ಅರ್ಜಿ ಸಿಕ್ತಾ ಹಾಗಾದ್ರೆ.

ಹೌದು. ಮಂಜೂರಾಗಿತ್ತು. ಇಬ್ಬರ ಹೆಸರಿಗೂ.

ಹಾಗೆ ನೋಡ್ಬೇಡ. ಹೌದು, ನಾನೇ. ಊಟದ ಬಿಡುವಿನಲ್ಲಿ ಕಾರ್ಖಾನೆ ಫೋನಿಂದ ಬ್ಯಾಂಕಿಗೆ ಮಾಡಿ ಸಾಲ ಬೇಡ ಅಂದೆ. ಹದಿನೈದು ವರ್ಷದ ಕಂತು, ವಯಸ್ಸಾಯ್ತು, ಅಂತ... ಅಲ್ಲ. ಕಂತಲ್ಲ. ಇನ್ನೂ ಎಷ್ಟು ಸುಳ್ಳು ಹೇಳ್ಲಿ! ಇಡೀ ದಿನ ಆ ಡಬ್ಬಾಗಳೊಳಗೆ ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ರಜದಲ್ಲೂ ಅದೇ ಡಬ್ಬಾದಲ್ಲಿ ಹೋಗಿ ಕೂರೋಕೆ ನನಗೆ ಮನಸ್ಸಿರ್ಲಿಲ್ಲ. ಅಷ್ಟೇ. ಅಷ್ಟೇ ಕಣಮ್ಮ! ನನಗೆ ಬೇಡ ಆರ್ಫಾ, ಅಂದಿದ್ರೆ ಮುಗೀತಿತ್ತು. ಅವಳೇನು ಹೊಡೀತಿದ್ಲಾ? ಪರದೆಗೆ ಬಟ್ಟೆ ತಂದಿಟ್ಕೊಂಡಿದ್ಲು, ಆ ಮುಖ ಸಪ್ಪಗಾಗೋದು ನೋಡೋಕೆ ಧೈರ್ಯ ಬರ್ಲಿಲ್ಲ. ಬ್ಯಾಂಕಿನ ಮೇಲೆ ಹಾಕ್ದೆ. ಯಾಕಂತೆ ಅಂದ್ಲು. ಬಾಯಿಗೆ ಬಂದಿದ್ದು ಆ ಆಸ್ಪತ್ರೆ ಬಿಲ್ಲು. ಮಗು ಹೋದ ಬಿಲ್ಲು. ಅದೇ ಬರ್ಬೇಕಾ ನನ್ನ ಬಾಯಿಗೆ!

ಏನು ಮುದ್ರಿಸ್ತಿದೀಯಾ? ಅವಳ ಪತ್ರಾನಾ? ಕೊಡು, ಕೊಡಿಲ್ಲಿ... ಆರ್ಫಾ ಸ್ಟಟ್ಸ್‌ಮನ್, ಮಂಜೂರು. ಇದೇ! ಇದೇ ಬೇಕಾಗಿತ್ತು. ಮೇಲೇ ಇದೆ ಅವಳ ಹೆಸರು, ನೋಡು, ನನ್ನದಕ್ಕಿಂತ ಮೇಲೆ! ನಿನಗೆ ದೇವರು ಒಳ್ಳೇದು ಮಾಡ್ಲಿ. ಇವತ್ತೇ ಒಯ್ದು...

ಈ ಕೊನೇ ಸಾಲು ಏನು? “ಪತಿ ದೂರವಾಣಿ ಮೂಲಕ ತಿಳಿಸಿದಂತೆ ರದ್ದು.” ತಾರೀಖಿನ ಸಮೇತ.

ಡಾನೆಲ್, ಇದೊಂದು ಸಾಲು ಬಿಟ್ಟು ಇನ್ನೊಂದು ಪ್ರತಿ ತೆಗೆಯೋಕಾಗುತ್ತಾ? ಒಂದೇ ಸಾಲು... ಕಾಗದದ ಬುಡ ಕತ್ತರಿಸಿಬಿಟ್ರೆ? ಮಡಚಿಟ್ರೆ? ಬಿಚ್ಚಿಬಿಡ್ತಾಳೆ. ಅವಳು ಓದೋದು ನಿಧಾನ, ಆದ್ರೆ ಕೊನೇವರೆಗೂ ಓದ್ತಾಳೆ.