ನಿನ್ನ ಹೊಟ್ಟೆಗೆ ಆಗೋದು

...ಅಯ್ಯೋ, ಶೂ ಆಮೇಲೆ ಹಾಕ್ಕೊಳ್ಳೇ! ಗಾಡಿ ಬರೋಕೆ ಇನ್ನೂ ಹೊತ್ತಿದೆ. ಕೂತ್ಕೋ. ಬರೀ ಹೊಟ್ಟೇಲಿ ಅಷ್ಟು ದೂರ ಹೋಗ್ತಾರಾ ಯಾರಾದ್ರೂ? ಬ್ಯಾಗು ತೊಡೆ ಮೇಲಿಂದ ಇಳಿಸು. ಸ್ವಂತ ಅಕ್ಕ ಕದೀತಾಳಾ ನಿನ್ನ ಬ್ಯಾಗು? ಹಾಂ... ಹಾಗೆ. ಆ ಬಟ್ಟೆ ಗಂಟನ್ನ ಆಚೆ ತಳ್ಳು, ಶಾಲೆ ಯೂನಿಫಾರ್ಮು, ಇನ್ನೂ ಗುಂಡಿ ಹಾಕ್ಬೇಕು. ಸೆಖೆ ಅಂತೀಯಾ? ಕಿಟಕಿ ತೆಗೆದ್ರೆ ಗಾಳಿ ಎಲ್ಲಿಂದ ಬರತ್ತೆ, ಎದುರಿಗಿರೋದು ಗೋಡೆ ತಾನೆ.

ಕುಡಿ. ಬಾದಾಮಿ ಹಾಲು. ಹಸುವಿನ ಹಾಲಿಗೆ ನಾಲ್ಕು ಬಾದಾಮಿ ತೋರಿಸಿ, ಬಣ್ಣ ಹಾಕಿ ಅಂಗಡೀಲಿ ಕೊಡ್ತಾರಲ್ಲ, ಅದಲ್ಲ! ನೆನೆಹಾಕಿ, ಸಿಪ್ಪೆ ಸುಲಿದು, ರುಬ್ಬಿ, ಹೊಸಾ ಲೈನಿಂಗ್ ಬಟ್ಟೇಲಿ ಹಿಂಡಿದ್ದು. ಗಿರಾಕಿ ಕೋಟು ಹೊಲಿಯೋಕೆ ಅಂತ ಕೊಟ್ಟಿದ್ದ ಬಟ್ಟೆ... ಮುಖ ಯಾಕೆ ಕಿವುಚ್ತೀಯ? ಒಗೆದೇ ಹಿಂಡಿದೀನಿ ಮಾರಾಯ್ತಿ!

ನಿನ್ನ ಹೊಟ್ಟೆ ಸೇವೆ ಮಾಡಿದ್ದಕ್ಕೆ ನಂಗೊಂದು ಪದವೀನೇ ಕೊಡ್ಬೇಕು. ಹಸುವಿನ ಹಾಲು ನಿಂಗೆ ಆಗಲ್ಲ ಅಂತ ಸೋಯಾ ಹಾಲು ತಂದೆ, ಹಸಿ ವಾಸನೆ ಅಂತ ಮೂಗು ಮುಚ್ಕೊಂಡೆ. ತೆಂಗಿನ ಹಾಲು ಕೊಟ್ಟೆ, ಎದೆ ಉರಿ ಅಂದೆ. ನಾಲಿಗೆ ಏರಿಗೆಳೆದ್ರೆ ಹೊಟ್ಟೆ ನೀರಿಗೆಳೀತು! ಗೋಧಿ ಬಿಡಿಸಿ ಓಟ್ಸ್ ಬೇಯಿಸಿದ್ರೆ, ಗೋಡೆಗೆ ಪೋಸ್ಟರ್ ಅಂಟಿಸ್ಬಹುದು ಅಂದೆ. ಅಕ್ಕಿ ಹುರಿದು ಗಂಜಿ ಕಾಯಿಸ್ದೆ. ಕೊನೆಗೆ ಒಗ್ಗಿದ್ದು ನವಣೆ. ಕಿರಾಣಿ ಅಂಗಡಿಯವನು ಕೇಳ್ತಾನೆ, 'ಟೈಲರಮ್ಮಾ, ಇಷ್ಟೊಂದು ನವಣೆ ಯಾಕೆ, ಮನೇಲಿ ಹಕ್ಕಿ ಸಾಕಿದ್ದೀರಾ?' ಅಂತ! ಹೂಂ ಕಣಪ್ಪ, ಒಂದಿದೆ ಅಂದೆ.

...ನಗು ಬರ್ಲಿಲ್ವಾ? ಮೊದ್ಲೆಲ್ಲ ಇಂಥದ್ದಕ್ಕೆ ಎಷ್ಟು ನಗ್ತಿದ್ದೆ.

ಅಮ್ಮ ಹೋದಾಗ ನೀನು ಇಷ್ಟುದ್ದ. ಈ ಮೆಷಿನ್ ಕೆಳಗೇ ಮಲಗ್ತಿದ್ದೆ. ಸದ್ದು ನಿಂತ್ರೆ ಸಾಕು, ಎದ್ದು ಅಳ್ತಿದ್ದೆ. ಅದಕ್ಕೇ ಹೊಲಿಯೋಕೆ ಏನಿಲ್ದಿದ್ರೂ ಸುಮ್ನೆ ತುಳೀತಿದ್ದೆ ನಾನು! ಈಗ ನೋಡು, ಕನ್ನಡಕದ ಗಾಜು ಉಜ್ಜೋ ಕಾರ್ಖಾನೆಯಂತೆ, ಹಾಸ್ಟೆಲ್ಲಂತೆ. ಈ ಸಲ ನೀನು ಬರ್ದೇ ಇದ್ರೆ ಕೆಲಸ ಬೇರೆಯವರಿಗೆ ಅಂದಿದಾರಂತೆ. ಸರಿ, ಬೇಡ ಅಂದೆನಾ? 'ಬೇಡ' ಅನ್ನೋ ಮಾತು ನನ್ನ ಬಾಯಿಂದ ಬಂದಿದ್ಯಾ, ಹೇಳು! ಹೋದ ಸಲ ನೀನು ಹೊರಟಾಗ ಬ್ಯಾಗು ಜೋಡಿಸಿದ್ದು ಯಾರು? ನಾನು. ನಿನ್ನ ಹೊಟ್ಟೆ ಕೈ ಕೊಡ್ತು, ಉಳ್ಕೊಂಡೆ. ಅದಕ್ಕೆ ಮುಂಚೆ, ಆ ಇನ್ನೊಂದು ಕೆಲಸದ ಇಂಟರ್‌ವ್ಯೂ ದಿನಾನೂ... ಬಾತ್‌ರೂಮಿಂದ ಈಚೆ ಬರೋಕಾಗ್ಲಿಲ್ಲ ನಿಂಗೆ. ಬೆನ್ನು ನೀವಿದ್ದು ಯಾರು? ನಾನೇ ತಾನೆ?

ಏನು, ಹಾಗೆ ಹುಬ್ಬು ಎತ್ತೋದು? ಗೆಳತಿ ಮನೇಲಿದ್ದಾಗ ಹೊಟ್ಟೆ ಕೆಡಲೇ ಇಲ್ಲ, ಅಂತ ತಾನೆ? ಅಲ್ಲಿನ ನೀರು ಬೇರೆ ಕಣೆ!

ಕುಡಿಯೇ, ಆರ್ತಿದೆ... ತಾಳು, ಕೆನೆ ಕಟ್ಟಿದೆ, ತೆಗೆದು ಕೊಡ್ತೀ...

...ಯಾಕೆ ಹಾಗೆ ಲೋಟ ಗಟ್ಟಿಯಾಗಿ ಹಿಡ್ಕೊಂಡೆ? ಬಿಡು. ಕೆನೆ ತಾನೆ... ಬಾದಾಮಿಗೂ ಕಟ್ಟತ್ತೆ. ಒಂದೊಂದ್ಸಲ ಕಟ್ಟತ್ತೆ. ಚಮಚ ಯಾಕೆ? ಎತ್ತಿ ನೋಡೋ ಅಂಥದ್ದೇನಿದೆ ಅದರಲ್ಲಿ? ಟೀಗೆ ಹಾಲು ಕಾಯಿಸಿದ ಪಾತ್ರೆಗೇ ಸುರಿದ್ಬಿಟ್ಟೆನೇನೋ, ತೊಳೆದಿರಲಿಲ್ಲವೇನೋ... ಹಾಗೆ ನೋಡ್ಬೇಡ ನನ್ನ! ರುಚಿಗೆ ಅಂತ ಒಂದು ಸೌಟು... ಒಂದೇ ಸೌಟು! ಇವತ್ತು ಮಾತ್ರ! ಹೋದ ಸಲ ಹಾಕಿರಲಿಲ್ಲ!

...ಹೋದ ಸಲದ ಮಾತು ನೀನು ಎತ್ತಲೇ ಇಲ್ಲ. ಅಲ್ವಾ? ನಾನೇ... ನಾನೇ ಅಂದ್ನಲ್ಲ.

ಏನಾದ್ರೂ ಅನ್ನೇ. ಬೈ. ಆ ಹಾಲನ್ನ ಮುಖಕ್ಕೆ ಎರಚು. ನಾನೇನು ನಿನ್ನ ಕೊಲ್ಲೋಕೆ ಹೊರಟಿದ್ನಾ? ಒಂದು ದಿನ ನರಳ್ತಾಳೆ, ಮಾರನೇ ದಿನ ಎದ್ದು ಕೂರ್ತಾಳೆ, ಮನೇಲಿ ಇರ್ತಾಳೆ... ಅಷ್ಟೇ ಕಣೆ, ಅಷ್ಟೇ. ಇಲ್ಲಿ ಒಬ್ಳೇ ಹೇಗೆ ಇರ್ಲಿ ಪುಟ್ಟಿ? ಯಾರ ಜೊತೆ ಜಗಳ ಆಡ್ಲಿ ನಾನು? ಯಾರಿಗೆ ಅಂತ ಒಲೆ ಹಚ್ಚಲಿ?

ಎದ್ದೆಯಾ... ಹೌದು, ಬಾಗಿಲಿಗೆ ಚಿಲಕ ಹಾಕಿದ್ದೂ ನಾನೇ. ತೆಗೀತೀನಿ, ತೆಗೀತೀನಿ ತಾಳು... ಒಂದು ಸಲ 'ಅಕ್ಕಾ' ಅಂತಾದ್ರೂ ಅನ್ನೇ. ಬೇಡ್ವಾ? ಸರಿ. ತಪ್ಪಾಯ್ತು ಕಣೆ. ಇದೊಂದನ್ನ... ಪುಟ್ಟಿ, ಇದೊಂದನ್ನ ಹೊಟ್ಟೆಗೆ ಹಾಕ್ಕೊಳ್ಳೇ...